ಕೆಡವಿ ಕಟ್ಟಿದ ಊರು, ಕಳೆದುಹೋದ ಮರಳು: ಪುದುಚೇರಿಯನ್ನು ನೋಡುವ ಬಗೆ

ಪುದುಚೇರಿಗೆ ಹೋಗುವವರಲ್ಲಿ ಹೆಚ್ಚಿನವರನ್ನು ಅಲ್ಲಿಗೆ ಸೆಳೆಯುವುದು ಫ್ರೆಂಚರ ಕಾಲದ ಬೀದಿಗಳು ಮತ್ತು ಬಂಗಾಳ ಕೊಲ್ಲಿಯ ಕಡಲತೀರ. ಬೆಂಗಳೂರಿನಿಂದ ಮುನ್ನೂರು ಚಿಲ್ಲರೆ ಕಿಲೋಮೀಟರ್ ದೂರದಲ್ಲಿರುವ ಈ ಊರು ವಾರಾಂತ್ಯಕ್ಕೆ ಹೊರಡುವ ಕನ್ನಡಿಗರಿಗೆ ಚಿರಪರಿಚಿತ. ಹಳದಿ ಗೋಡೆ, ಬಿಳಿ ಅಂಚು, ಗೋಡೆಯ ಮೇಲೆ ಬಾಗಿದ ಕಾಗದದ ಹೂವಿನ ಬಳ್ಳಿ, ಬೀದಿಯ ತುದಿಯಲ್ಲಿ ಕಡಲು ಇರುವ ಚಿತ್ರವನ್ನು ನೋಡದವರೇ ಇಲ್ಲ. ಈ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವರು ಊರನ್ನು ಹಳೆಯ ಕಾಲದ ಉಳಿಕೆಯೆಂದೂ ಕಡಲತೀರವನ್ನು ಪ್ರಕೃತಿಯ ಕೊಡುಗೆಯೆಂದೂ ತಿಳಿದು ಮರಳುತ್ತಾರೆ. ಎರಡೂ ಪೂರ್ತಿ ನಿಜವಲ್ಲ. ಬಿಳಿಪಟ್ಟಣವೆಂದು ಕರೆಯುವ ಭಾಗದಲ್ಲಿ 1761ಕ್ಕಿಂತ ಹಿಂದಿನ ಕಟ್ಟಡ ಸಿಗುವುದೇ ಅಪರೂಪ, ಮತ್ತು ಅದರ ಮುಂದೆ ಈಗ ಕಾಣುವ ಮರಳಿನ ಬಹುಭಾಗ ಕಳೆದ ಕೆಲವೇ ವರ್ಷಗಳಲ್ಲಿ ಬಂದು ಸೇರಿದ್ದು. ಊರನ್ನೂ ತೀರವನ್ನೂ ಮನುಷ್ಯರು ಕೆಡಿಸಿದ್ದಾರೆ, ಮತ್ತೆ ಕಟ್ಟಿದ್ದಾರೆ, ಇಂದಿಗೂ ಕಟ್ಟುತ್ತಲೇ ಇದ್ದಾರೆ. ಆ ಕತೆ ಗೊತ್ತಿದ್ದರೆ ಅಲ್ಲಿನ ಒಂದೊಂದು ಗೋಡೆಯೂ ಒಂದೊಂದು ಬಂಡೆಯೂ ತಾನು ಅಲ್ಲೇಕೆ ಇದೆಯೆಂಬುದನ್ನು ಹೇಳತೊಡಗುತ್ತದೆ.

ನಕಾಶೆ ಡಚ್ಚರದು, ಊರು ಫ್ರೆಂಚರದು

ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದು 1664ರಲ್ಲಿ. ಅದರ ಪರವಾಗಿ ಫ್ರಾನ್ಸ್ವಾ ಮಾರ್ತ್ಯಾ ಎಂಬ ಅಧಿಕಾರಿ 1674ರಲ್ಲಿ ಇಲ್ಲಿ ನೆಲೆಯೂರಿದಾಗ ಇದು ನೇಕಾರರೂ ಮೀನುಗಾರರೂ ಇದ್ದ ಸಣ್ಣ ಊರು. ಯುರೋಪಿನ ಕಂಪನಿಗಳಿಗೆ ಆಗ ಬೇಕಾಗಿದ್ದುದು ಈ ತೀರದ ಹತ್ತಿ ಬಟ್ಟೆ. ನೇಕಾರರು ಎಲ್ಲಿದ್ದರೋ ಅಲ್ಲಿಯೇ ವ್ಯಾಪಾರದ ಕೋಠಿಗಳು ಎದ್ದವು. ಬಂದರಿಗೆ ಸ್ವಾಭಾವಿಕ ಆಸರೆ ಇದೆಯೇ ಇಲ್ಲವೇ ಎಂಬುದು ಎರಡನೆಯ ಮಾತಾಗಿತ್ತು. ಪುದುಚೇರಿಗೆ ಅಂಥ ಆಸರೆ ಇರಲೇ ಇಲ್ಲ. ಹಡಗುಗಳು ದೂರದಲ್ಲಿ ಲಂಗರು ಹಾಕುತ್ತಿದ್ದವು, ನಾರಿನ ಹುರಿಯಿಂದ ಹಲಗೆಗಳನ್ನು ಹೊಲಿದು ಮಾಡಿದ ಮಸೂಲಾ ದೋಣಿಗಳು ಅಲೆಗಳನ್ನು ದಾಟಿ ಸರಕನ್ನೂ ಜನರನ್ನೂ ದಡ ಮುಟ್ಟಿಸುತ್ತಿದ್ದವು. ಈ ಕೊರತೆ ಮುಂದೆ ಮೂರು ಶತಮಾನಗಳ ಕಾಲ ಊರನ್ನು ಕಾಡಿದ ಬಗೆಯನ್ನು ಕಡಲತೀರದ ವಿಷಯಕ್ಕೆ ಬಂದಾಗ ನೋಡೋಣ.

1693ರಲ್ಲಿ ಡಚ್ಚರು ಊರನ್ನು ವಶಪಡಿಸಿಕೊಂಡರು. 1699ರಲ್ಲಿ ಅದು ಫ್ರೆಂಚರಿಗೆ ಮರಳಿತು. ಈ ಕೆಲವೇ ವರ್ಷಗಳಲ್ಲಿ ಡಚ್ಚರು ಮಾಡಿದ ಒಂದು ಕೆಲಸ ಇಂದಿಗೂ ಉಳಿದಿದೆ. ನೇರ ಬೀದಿಗಳು ಒಂದನ್ನೊಂದು ಲಂಬವಾಗಿ ಕತ್ತರಿಸುವಂತೆ, ಕಸುಬು ಮತ್ತು ಜಾತಿಗೆ ಅನುಗುಣವಾಗಿ ಕೇರಿಗಳನ್ನು ಹಂಚಿ ಅವರು ಬರೆದ ನಕಾಶೆಯನ್ನೇ ಫ್ರೆಂಚರು ಮುಂದುವರಿಸಿದರು. ಇಂದು ಪ್ರವಾಸಿಗರು ಫ್ರೆಂಚರ ಶಿಸ್ತೆಂದು ಮೆಚ್ಚುವ ಬೀದಿಗಳ ಜೋಡಣೆಗೆ ಮೊದಲ ಗೆರೆ ಎಳೆದವರು ಡಚ್ಚರು. ಉತ್ತರ ದಕ್ಷಿಣವಾಗಿ ಹಾಯುವ ಕಾಲುವೆಯೊಂದು ಊರನ್ನು ಎರಡಾಗಿ ಸೀಳಿತು. ಕಡಲಿನ ಕಡೆಗೆ ಯುರೋಪಿಯನ್ನರ ಬಿಳಿಪಟ್ಟಣ, ಕಾಲುವೆಯ ಪಡುವಣಕ್ಕೆ ತಮಿಳರ ಪಟ್ಟಣ. ಆಳುವವರು ಆ ಎರಡನೆಯದನ್ನು ಕರಿಪಟ್ಟಣವೆಂದು ಕರೆದರು. ಬಣ್ಣದ ಮೇಲೆ ಊರನ್ನು ಹಂಚಿದ ಆ ಗೆರೆ ಈಗ ಸಿಮೆಂಟಿನ ಚರಂಡಿಯಂತೆ ಕಾಣುತ್ತದೆ. ಪ್ರವಾಸಿಗರು ಗಮನಿಸದೆ ದಾಟುತ್ತಾರೆ. ಆದರೆ ಪುದುಚೇರಿಯನ್ನು ಅರಿಯಲು ಮೊದಲು ನಿಂತು ನೋಡಬೇಕಾದ ಜಾಗ ಅದೇ ಎಂದು ನನಗೆ ಅನ್ನಿಸುತ್ತದೆ.

ಹದಿನೆಂಟನೆಯ ಶತಮಾನದ ನಡುವಿನಲ್ಲಿ ಊರು ಶ್ರೀಮಂತವಾಗಿತ್ತು. 1742ರಿಂದ 1754ರವರೆಗೆ ಗವರ್ನರ್ ಆಗಿದ್ದ ಡ್ಯೂಪ್ಲೆಯ ಕಾಲದಲ್ಲಿ ಫ್ರೆಂಚರು ದಕ್ಷಿಣ ಭಾರತದ ಅರಸೊತ್ತಿಗೆಗಳ ಜಗಳದಲ್ಲಿ ಕೈಹಾಕಿ ಇಂಗ್ಲಿಷರಿಗೆ ಎದುರಾಗಿ ನಿಂತರು. ಆ ವರ್ಷಗಳ ದಿನದಿನದ ಸುದ್ದಿ ನಮಗೆ ದೊರೆಯುವುದು ಡ್ಯೂಪ್ಲೆಯ ದುಭಾಷಿಯೂ ವ್ಯಾಪಾರಿಯೂ ಆಗಿದ್ದ ಆನಂದ ರಂಗ ಪಿಳ್ಳೈ 1736ರಿಂದ 1761ರವರೆಗೆ ತಮಿಳಿನಲ್ಲಿ ಬರೆದಿಟ್ಟ ದಿನಚರಿಯಿಂದ. 1748ರಲ್ಲಿ ಇಂಗ್ಲಿಷರು ಊರಿಗೆ ಮುತ್ತಿಗೆ ಹಾಕಿದ್ದಾಗ ಫ್ರೆಂಚರು ವೇದಪುರೀಶ್ವರ ದೇವಾಲಯವನ್ನು ಕೆಡವಿದ ಸಂಗತಿಯನ್ನು ಅವನು ನೋವಿನಿಂದ ದಾಖಲಿಸಿದ್ದಾನೆ. ಇಂದಿನ ವೇದಪುರೀಶ್ವರ ದೇವಾಲಯ ಆ ಬಳಿಕ ಬೇರೆಡೆ ಕಟ್ಟಿದ್ದು. ವಸಾಹತು ವಾಸ್ತುವಿನ ಸೊಗಸನ್ನು ಹೊಗಳುವ ಲೇಖನಗಳಲ್ಲಿ ಈ ಪುಟ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ, ಬಿಡಬಾರದು.

ಊರಿನ ಮೇಲೆ ದೊಡ್ಡ ಏಟು ಬಿದ್ದದ್ದು 1761ರ ಜನವರಿಯಲ್ಲಿ. ಫ್ರೆಂಚರು 1758ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯನ್ನು ನೆಲಸಮ ಮಾಡಿದ್ದರು. ಅದಕ್ಕೆ ಪ್ರತೀಕಾರವೆಂಬಂತೆ, ಐರ್ ಕೂಟ್‌ನ ನೇತೃತ್ವದಲ್ಲಿ ಪುದುಚೇರಿಯನ್ನು ಗೆದ್ದ ಇಂಗ್ಲಿಷರು ಸೇಂಟ್ ಲೂಯಿ ಕೋಟೆಯನ್ನೂ ಬಿಳಿಪಟ್ಟಣವನ್ನೂ ಕೆಡವಿಹಾಕಿದರು. 1763ರ ಪ್ಯಾರಿಸ್ ಒಪ್ಪಂದದಂತೆ ಊರು ಫ್ರೆಂಚರಿಗೆ ಮರಳಿದ ಮೇಲೆ, 1765ರಲ್ಲಿ ಬಂದ ಗವರ್ನರ್ ಜಾನ್ ಲಾ ದ ಲೊರಿಸ್ತೊಂ ಹಳೆಯ ಬೀದಿಗಳ ಗೆರೆಯ ಮೇಲೆಯೇ ಊರನ್ನು ಮತ್ತೆ ಕಟ್ಟಿಸಿದ. ಆಮೇಲೂ ಅದು 1778ರಲ್ಲಿ, 1793ರಲ್ಲಿ ಕೈಬದಲಾಗಿ, ಕೊನೆಗೆ 1816ರಲ್ಲಿ ಫ್ರೆಂಚರ ವಶದಲ್ಲಿ ನಿಂತಿತು. ಈ ನಡುವಿನ ಕಾಲದ ಒಬ್ಬ ನೌಕಾಧಿಕಾರಿಯ ಹೆಸರು ಕನ್ನಡಿಗರಿಗೆ ಸಂಬಂಧಪಟ್ಟಿದ್ದು. ಬಿಳಿಪಟ್ಟಣದಲ್ಲಿ ಸುಫ್ರಾಂ ಬೀದಿ ಎಂಬುದೊಂದಿದೆ. ಆ ಸುಫ್ರಾಂ 1782ರ ಜುಲೈನಲ್ಲಿ ಕಡಲೂರಿನ ಬಳಿ ಮೈಸೂರಿನ ಹೈದರ್ ಅಲಿಯನ್ನು ಭೇಟಿಯಾಗಿ, ಇಂಗ್ಲಿಷರ ವಿರುದ್ಧದ ಯುದ್ಧಕ್ಕೆ ಕಡಲಿನಿಂದ ನೆರವಾದವನು.

ಊರು ಮರಳಿ ಸಿಕ್ಕಿತಾದರೂ, 1814ರ ಪ್ಯಾರಿಸ್ ಒಪ್ಪಂದದ ಪ್ರಕಾರ ಫ್ರೆಂಚರು ಭಾರತದಲ್ಲಿ ಇನ್ನು ಕೋಟೆ ಕಟ್ಟುವಂತಿರಲಿಲ್ಲ. ಬಿಳಿಪಟ್ಟಣದ ಇಂದಿನ ರೂಪಕ್ಕೆ ಈ ಷರತ್ತು ದೊಡ್ಡ ಕಾರಣ. ಕೋಟೆಯಿದ್ದ ನಡುಜಾಗ ಖಾಲಿ ಚೌಕವಾಗಿ ಉಳಿದು, ಇಂದು ಭಾರತಿ ಉದ್ಯಾನವಾಗಿದೆ. ಊರಿನ ಸುತ್ತಲಿನ ಹಳೆಯ ರಕ್ಷಣಾಗೋಡೆಯ ಜಾಡಿನಲ್ಲಿ ಅಗಲವಾದ ರಸ್ತೆಗಳು ಬಂದವು. ಫಿರಂಗಿ ಇಲ್ಲದ, ಸೈನ್ಯದ ಮಹತ್ವಾಕಾಂಕ್ಷೆ ಇಲ್ಲದ, ಅಧಿಕಾರಿಗಳೂ ಪಾದ್ರಿಗಳೂ ವ್ಯಾಪಾರಿಗಳೂ ಬದುಕುವ ಒಂದು ಶಾಂತ ಪಟ್ಟಣವಾಗಿ ಪುದುಚೇರಿ ಹತ್ತೊಂಬತ್ತನೆಯ ಶತಮಾನವನ್ನು ಕಳೆಯಿತು. ನಾವು ನೋಡಲು ಹೋಗುವುದು ಮುಖ್ಯವಾಗಿ ಆ ಶತಮಾನದ ಊರನ್ನು.

ಗೋಡೆಯ ಈಚೆ, ಕಾಲುವೆಯ ಆಚೆ

ಬಿಳಿಪಟ್ಟಣದ ಮನೆ ಬೀದಿಗೆ ಬೆನ್ನು ಹಾಕಿ ನಿಲ್ಲುತ್ತದೆ. ರಸ್ತೆಯ ಅಂಚಿಗೇ ಎತ್ತರದ ಗೋಡೆ, ಅದರ ನಡುವೆ ಕಮಾನಿನ ದೊಡ್ಡ ಬಾಗಿಲು. ಒಳಗೆ ಹೋದರೆ ಅಂಗಳ ಅಥವಾ ತೋಟ, ಅದಕ್ಕೆ ತೆರೆದುಕೊಂಡ ಕಂಬಸಾಲಿನ ಪಡಸಾಲೆ, ಅದರ ಹಿಂದೆ ಎತ್ತರದ ಮಾಳಿಗೆಯ ಕೋಣೆಗಳು. ಕಿಟಕಿಗಳಿಗೆ ಓರೆಪಟ್ಟಿಗಳ ಮರದ ಬಾಗಿಲು, ತಾರಸಿಯ ಅಂಚಿಗೆ ಸಾಲುಗಂಬದ ಕೈಪಿಡಿಗೋಡೆ. ನೋಟಕ್ಕೆ ಇದು ಫ್ರಾನ್ಸಿನದು. ಆದರೆ ಗೋಡೆಯನ್ನು ಕಟ್ಟಿದವರು ತಮಿಳು ಗಾರೆಯವರು, ಬಳಸಿದ್ದು ಈ ನೆಲದ ಇಟ್ಟಿಗೆ ಮತ್ತು ಸುಣ್ಣ. ಮೇಲಿನ ಚಾವಣಿ ಮದರಾಸು ತಾರಸಿ ಎಂದು ಹೆಸರಾದ ವಿಧಾನದ್ದು: ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಜೋಡಿಸಿ ಸುಣ್ಣದ ಗಾರೆಯಿಂದ ಬಿಗಿಯುತ್ತಾರೆ, ಅದರ ಮೇಲೆ ಇಟ್ಟಿಗೆಚೂರು ಸುಣ್ಣ ಬೆರೆಸಿದ ದಪ್ಪ ಪದರ ಹಾಕಿ ಬಡಿದು ಗಟ್ಟಿಗೊಳಿಸುತ್ತಾರೆ. ದಪ್ಪ ಗೋಡೆಯೂ ಈ ತಾರಸಿಯೂ ಹಗಲಿನ ಬಿಸಿ ಕೋಣೆಗೆ ಇಳಿಯುವುದನ್ನು ಬಹಳ ಹೊತ್ತು ತಡೆಯುತ್ತವೆ. ಸುಣ್ಣದ ಗಾರೆ ತೇವವನ್ನು ಹೀರಿ ಹೊರಬಿಡುವ ಗುಣವುಳ್ಳದ್ದು. ಕಡಲಿನ ಉಪ್ಪುಗಾಳಿಯ ಊರಿನಲ್ಲಿ ಇದು ಸಣ್ಣ ಅನುಕೂಲವಲ್ಲ. ಹಳೆಯ ಮನೆಗೆ ಸಿಮೆಂಟಿನ ಗಿಲಾವು ಬಳಿದಾಗ ತೇವ ಒಳಗೇ ಸಿಕ್ಕಿಕೊಂಡು ಇಟ್ಟಿಗೆ ಕೊಳೆಯತೊಡಗುತ್ತದೆ. ಪುದುಚೇರಿಯ ಹಲವು ಹಳೆಯ ಕಟ್ಟಡಗಳು ಶಿಥಿಲವಾಗಿರುವುದರಲ್ಲಿ ವಯಸ್ಸಿನ ಜೊತೆಗೆ ಈ ತಪ್ಪು ದುರಸ್ತಿಯ ಪಾಲೂ ಇದೆ.

ಕಾಲುವೆ ದಾಟಿ ತಮಿಳು ಪಟ್ಟಣಕ್ಕೆ ಬಂದರೆ ಮನೆ ಬೀದಿಯತ್ತ ಮುಖ ಮಾಡುತ್ತದೆ. ಹತ್ತಿರದ ಮನೆಗಳು ಗೋಡೆಗೆ ಗೋಡೆ ಹಂಚಿಕೊಂಡು ಸಾಲಾಗಿ ನಿಂತಿವೆ. ಮನೆಯ ಮುಂದೆ ಮರದ ಕಂಬಗಳ ಮೇಲೆ ಹೆಂಚಿನ ಇಳಿಜಾರು ಹೊದಿಕೆಯ ತಾಳ್ವಾರ, ಅಂದರೆ ದಾರಿಹೋಕರಿಗೂ ನೆರಳು ಕೊಡುವ ಮೊಗಸಾಲೆ. ಅದರ ಹಿಂದೆ ತಿಣ್ಣೈ, ನಮ್ಮ ಜಗಲಿಯಂಥದೇ. ಒಳಗೆ ಮುಟ್ರಂ, ನಮ್ಮ ತೊಟ್ಟಿಮನೆಯ ತೊಟ್ಟಿಯಂತೆ ಆಕಾಶಕ್ಕೆ ತೆರೆದ ನಡುವಂಗಳ. ಮಲೆನಾಡಿನ ಅಥವಾ ಹಳೆಯ ಮೈಸೂರಿನ ಮನೆಗಳನ್ನು ಬಲ್ಲವರಿಗೆ ಇಲ್ಲಿ ಏನೂ ಅಪರಿಚಿತ ಅನ್ನಿಸುವುದಿಲ್ಲ. ನಿಜವಾದ ವಿಶೇಷ ಇರುವುದು ಮಹಡಿಯಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಸಿರಿವಂತ ತಮಿಳು ಮನೆತನಗಳು ಕೆಳಗಿನ ಅಂತಸ್ತನ್ನು ತಮ್ಮ ಸಂಪ್ರದಾಯದಂತೆ ಇರಿಸಿಕೊಂಡು, ಮೇಲೆ ಕಮಾನು ಕಿಟಕಿ, ಅರೆಗಂಬ, ಗಾರೆಯ ಹೂಬಳ್ಳಿಗಳಿರುವ ಫ್ರೆಂಚ್ ಮಾದರಿಯ ಮಹಡಿಯನ್ನು ಕಟ್ಟಿಸಿದವು. ಒಂದೇ ಮನೆಯಲ್ಲಿ ಕೆಳಗೆ ತಿಣ್ಣೈ, ಮೇಲೆ ಫ್ರೆಂಚ್ ಕಿಟಕಿ. ಈ ಬೆರಕೆ ಶೈಲಿ ಬೇರೆ ಎಲ್ಲಿಯೂ ಇಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ; ಬಿಳಿಪಟ್ಟಣದ ಹಳದಿ ಗೋಡೆಗಳಿಗಿಂತ ಇದೇ ಪುದುಚೇರಿಯ ಸ್ವಂತ ಕೊಡುಗೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ವೈಶ್ಯಾಳ್ ಬೀದಿಯಲ್ಲಿ ಒಂದು ಇಡೀ ಸಾಲನ್ನು ಪರಂಪರೆಯ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆ ಸ್ಥಳೀಯರ ಜೊತೆ ಸೇರಿ ಜೀರ್ಣೋದ್ಧಾರ ಮಾಡಿತು. 2008ರಲ್ಲಿ ಅದಕ್ಕೆ ಯುನೆಸ್ಕೋದ ಏಷ್ಯಾ ಪೆಸಿಫಿಕ್ ಪರಂಪರೆ ಪ್ರಶಸ್ತಿ ದೊರೆಯಿತು. ಬಿಳಿಪಟ್ಟಣಕ್ಕೆ ಬಂದ ಜನರಲ್ಲಿ ಹತ್ತರಲ್ಲೊಬ್ಬರಾದರೂ ಈ ಬೀದಿಗೆ ನಡೆದು ಬಂದರೆ ಎಷ್ಟು ಚೆನ್ನಾಗಿತ್ತು.

ಬಣ್ಣಗಳಿಂದಲೂ ಕೆಲವು ಗುರುತು ಹಿಡಿಯಬಹುದು. ಬೂದು ಮತ್ತು ಬಿಳಿ ಬಣ್ಣದ ಕಟ್ಟಡಗಳು ಹೆಚ್ಚಾಗಿ ಅರವಿಂದಾಶ್ರಮದವು. ಅರವಿಂದರು ಇಂಗ್ಲಿಷರ ಕೈಗೆ ಸಿಗದೆ ಪುದುಚೇರಿಗೆ ಬಂದದ್ದು 1910ರ ಏಪ್ರಿಲ್ 4ರಂದು. ಕವಿ ಸುಬ್ರಹ್ಮಣ್ಯ ಭಾರತಿ ಅದಕ್ಕೂ ಮೊದಲೇ, 1908ರಲ್ಲಿ, ಇದೇ ಕಾರಣಕ್ಕೆ ಇಲ್ಲಿ ಆಶ್ರಯ ಪಡೆದಿದ್ದರು. ಬ್ರಿಟಿಷ್ ಭಾರತದ ನಡುವೆ ಇದ್ದ ಫ್ರೆಂಚ್ ನೆಲವೆಂಬುದೇ ಅವರಿಗೆ ರಕ್ಷೆ. ಅರವಿಂದರ ದರ್ಶನ ಕನ್ನಡ ಸಾಹಿತ್ಯವನ್ನೂ ಮುಟ್ಟಿತು: ಹಲಸಂಗಿಯ ಮಧುರಚೆನ್ನ ಅವರ ಭಕ್ತರಾದರು, ಬೇಂದ್ರೆ ಮತ್ತು ಗೋಕಾಕರ ಕಾವ್ಯಚಿಂತನೆಯಲ್ಲಿ ಆ ಪ್ರಭಾವ ಎದ್ದು ಕಾಣುತ್ತದೆ. ಆಶ್ರಮದ ಅತಿಥಿಗೃಹವಾದ ಗೋಲ್ಕೊಂಡೆ ವಾಸ್ತುವಿನ ದೃಷ್ಟಿಯಿಂದ ಇಡೀ ಊರಿನಲ್ಲೇ ಗಮನಾರ್ಹ. ಆಂಟೊನಿನ್ ರೇಮಂಡ್ ವಿನ್ಯಾಸ ಮಾಡಿ, ಜಾರ್ಜ್ ನಕಾಶಿಮಾ ನಿಂತು ಕಟ್ಟಿಸಲು ನೆರವಾದ ಈ ಕಟ್ಟಡ 1940ರ ದಶಕದಲ್ಲಿ ಪೂರ್ಣವಾಯಿತು. ಭಾರತದ ಮೊದಲ ಆಧುನಿಕ ಕಾಂಕ್ರೀಟ್ ಕಟ್ಟಡಗಳಲ್ಲಿ ಇದೊಂದು. ಹೈದರಾಬಾದ್ ಸಂಸ್ಥಾನದ ದಿವಾನ ಅಕ್ಬರ್ ಹೈದರಿ ಅವರ ಮೂಲಕ ಹಣ ಬಂದುದರಿಂದ ಅದಕ್ಕೆ ಗೋಲ್ಕೊಂಡೆಯ ಹೆಸರು. ಉದ್ದನೆಯ ಮುಖಗಳನ್ನು ಉತ್ತರಕ್ಕೂ ದಕ್ಷಿಣಕ್ಕೂ ತಿರುಗಿಸಿ, ಗೋಡೆಯ ಜಾಗದಲ್ಲಿ ತೆರೆದು ಮುಚ್ಚಬಹುದಾದ ಅಡ್ಡಪಟ್ಟಿಗಳನ್ನು ಇಟ್ಟು, ಯಂತ್ರವಿಲ್ಲದೆ ಗಾಳಿಯಾಡುವಂತೆ ಮಾಡಿದ್ದಾರೆ. ಒಳಗೆ ಹೋಗಲು ಎಲ್ಲರಿಗೂ ಅವಕಾಶವಿಲ್ಲ; ಹೊರಗಿನಿಂದ ನೋಡಿದರೂ ತತ್ತ್ವ ಅರ್ಥವಾಗುತ್ತದೆ.

ಭಾರತಿ ಉದ್ಯಾನದ ನಡುವಿನ ಬಿಳಿಯ ಆಯಿ ಮಂಟಪದ ಹಿಂದೆ ನೀರಿನ ಕತೆಯೊಂದಿದೆ, ಅದರಲ್ಲಿ ನಮ್ಮ ಪಾಲೂ ಇದೆ. ಕಡಲಂಚಿನ ಊರಿನ ಬಾವಿಗಳಲ್ಲಿ ಸಿಹಿನೀರು ಸಾಲದಿದ್ದಾಗ, ಮೂರನೆಯ ನೆಪೋಲಿಯನ್‌ನ ಆಳ್ವಿಕೆಯಲ್ಲಿ ಮುತ್ತಿರಪಾಳಯದ ಕೆರೆಯ ಕಡೆಯಿಂದ ಊರಿಗೆ ನೀರು ತಂದರು. ಅದರ ನೆನಪಿಗೆ ಗ್ರೀಕ್ ರೋಮನ್ ಮಾದರಿಯ ಈ ಮಂಟಪ ಎದ್ದಿತು. ಆ ಕೆರೆಯ ಬಗ್ಗೆ ಜನರು ಹೇಳುವ ಐತಿಹ್ಯದ ಪ್ರಕಾರ, ವಿಜಯನಗರದ ಕೃಷ್ಣದೇವರಾಯ ಈ ಸೀಮೆಯಲ್ಲಿ ಹಾದುಹೋಗುವಾಗ ದೀಪಗಳಿಂದ ಬೆಳಗುತ್ತಿದ್ದ ಭವನವೊಂದನ್ನು ಗುಡಿಯೆಂದು ಭಾವಿಸಿ ಕೈಮುಗಿದ. ಅದು ಆಯಿ ಎಂಬ ನರ್ತಕಿಯ ಮನೆಯೆಂದು ತಿಳಿದಾಗ ಸಿಟ್ಟಿನಿಂದ ಕೆಡವಲು ಆಜ್ಞೆ ಮಾಡಿದ. ಆಯಿ ತಾನೇ ಮನೆಯನ್ನು ಕೆಡವಿ, ಆ ಜಾಗದಲ್ಲಿ ಜನರಿಗಾಗಿ ಕೆರೆ ತೋಡಿಸಿದಳು. ಇತಿಹಾಸವೆಂದು ಇದನ್ನು ಹೇಳಲಾಗದು. ಆದರೂ ಫ್ರೆಂಚ್ ಸಾಮ್ರಾಟನ ಕಾಲದ ಸ್ಮಾರಕಕ್ಕೆ ಒಬ್ಬ ತಮಿಳು ಹೆಣ್ಣಿನ ಹೆಸರು ನಿಂತಿರುವುದು ಬಹಳ ತೂಕದ ಸಂಗತಿ.

ಫ್ರೆಂಚ್ ಆಡಳಿತ ಮುಗಿದದ್ದು ಒಂದೇ ದಿನದಲ್ಲಿ ಅಲ್ಲ. 1954ರ ಅಕ್ಟೋಬರ್‌ನಲ್ಲಿ ಕೀಳೂರಿನಲ್ಲಿ ಸೇರಿದ 178 ಜನಪ್ರತಿನಿಧಿಗಳಲ್ಲಿ 170 ಮಂದಿ ಭಾರತದೊಡನೆ ಸೇರುವುದರ ಪರ ಮತ ಹಾಕಿದರು. ನವೆಂಬರ್ 1ರಂದು ಆಡಳಿತ ಭಾರತದ ಕೈಗೆ ಬಂತು. ಕಾನೂನಿನ ಪ್ರಕಾರ ಹಸ್ತಾಂತರವಾದದ್ದು 1962ರ ಆಗಸ್ಟ್ 16ರಂದು. ಆಗ ಸ್ಥಳೀಯರಿಗೆ ಫ್ರೆಂಚ್ ಪೌರತ್ವವನ್ನು ಆಯ್ದುಕೊಳ್ಳುವ ಅವಕಾಶವೂ ಇತ್ತು. ಅದಕ್ಕೂ ಹಿಂದೆ, 1881ರ ಆದೇಶದಂತೆ, ತಮ್ಮ ಪಾರಂಪರಿಕ ವೈಯಕ್ತಿಕ ಕಾನೂನನ್ನು ತ್ಯಜಿಸಿ ಫ್ರೆಂಚ್ ಕಾನೂನಿಗೆ ಒಳಪಟ್ಟ ತಮಿಳು ಕುಟುಂಬಗಳಿದ್ದವು. ಹೀಗಾಗಿ ಇಂದಿಗೂ ಇಲ್ಲಿ ಫ್ರಾನ್ಸಿನ ಚುನಾವಣೆಯಲ್ಲಿ ಮತ ಹಾಕುವ ತಮಿಳರಿದ್ದಾರೆ. ಕಟ್ಟಡಗಳ ಮೇಲೆ ಇದರ ಪರಿಣಾಮವೂ ಉಂಟು: ಎಷ್ಟೋ ಮನೆಗಳ ವಾರಸುದಾರರು ಎರಡು ದೇಶಗಳಲ್ಲಿ ಚದುರಿಹೋಗಿ, ದುರಸ್ತಿ ಮಾಡಿಸುವವರಿಲ್ಲದೆ ಮನೆ ಬೀಳುತ್ತದೆ, ಕೊನೆಗೆ ಜಾಗದ ಬೆಲೆಗೆ ಮಾರಾಟವಾಗಿ ಅಲ್ಲಿ ಕಾಂಕ್ರೀಟ್ ಏಳುತ್ತದೆ. ಸರ್ಕಾರದ ಕಟ್ಟಡಗಳೂ ಸುರಕ್ಷಿತವಾಗಿರಲಿಲ್ಲ. ಕಡಲಿಗೆ ಎದುರಾಗಿ 1870ರ ದಶಕದ ಆರಂಭದಿಂದ ನಿಂತಿದ್ದ ಪುರಭವನ, ಅಂದರೆ ಮೇರಿ, 2014ರ ನವೆಂಬರಿನ ಮಳೆಯಲ್ಲಿ ಕುಸಿದುಬಿತ್ತು. ಹಳೆಯ ರೂಪದಲ್ಲೇ ಮತ್ತೆ ಕಟ್ಟಿದ ಕಟ್ಟಡ 2021ರಲ್ಲಿ ಉದ್ಘಾಟನೆಯಾಯಿತು. ಅದರ ಮುಂದೆ ನಿಂತು ಚಿತ್ರ ತೆಗೆಯುವವರು ನೂರೈವತ್ತು ವರ್ಷದ ಕಟ್ಟಡವೆಂದೇ ತಿಳಿದಿರುತ್ತಾರೆ.

ಮರಳು ಎಲ್ಲಿಗೆ ಹೋಯಿತು

ಈಗ ಕಡಲಿನ ಮಾತು. ಗೂಬೇರ್ ಅವೆನ್ಯೂ ಎಂಬ ತೀರರಸ್ತೆಯ ಉದ್ದಕ್ಕೂ ಕರಿಬಂಡೆಗಳ ರಾಶಿ ಇದೆ. ಅದಕ್ಕಾಗಿಯೇ ಇದನ್ನು ರಾಕ್ ಬೀಚ್ ಎನ್ನುತ್ತಾರೆ. ಬಂಡೆಗಳು ಈ ತೀರಕ್ಕೆ ಸಹಜವಾದವಲ್ಲ. ಕೆಲವು ದಶಕಗಳ ಹಿಂದೆ ಇಲ್ಲಿ ಅಗಲವಾದ ಮರಳಿನ ದಂಡೆಯಿತ್ತು. ಮೀನುಗಾರರು ಅದರ ಮೇಲೆ ಕಟ್ಟುಮರಗಳನ್ನು ಎಳೆದಿಡುತ್ತಿದ್ದರು. ಆ ಮರಳು ಹೋದ ಬಗೆಯನ್ನು ತಿಳಿಯಲು ಪೂರ್ವ ಕರಾವಳಿಯ ಒಂದು ಮೂಲ ನಿಯಮವನ್ನು ತಿಳಿಯಬೇಕು.

ಅಲೆಗಳು ದಡಕ್ಕೆ ನೇರವಾಗಿ ಬಡಿಯುವುದು ಕಡಿಮೆ. ಸಾಮಾನ್ಯವಾಗಿ ಓರೆಯಾಗಿ ಬರುತ್ತವೆ. ಓರೆಯಾಗಿ ಬಂದ ಅಲೆ ಮರಳಿನ ಕಣಗಳನ್ನು ಓರೆಯಾಗಿಯೇ ಮೇಲಕ್ಕೆ ತಳ್ಳುತ್ತದೆ, ಹಿಂದಿರುಗುವ ನೀರು ಅವನ್ನು ನೇರವಾಗಿ ಕೆಳಕ್ಕೆ ಎಳೆಯುತ್ತದೆ. ಒಂದೊಂದು ಅಲೆಗೂ ಮರಳು ಹೀಗೆ ದಡದ ಉದ್ದಕ್ಕೆ ಸ್ವಲ್ಪ ಸ್ವಲ್ಪವೇ ಸರಿಯುತ್ತದೆ. ಕೋರಮಂಡಲ ತೀರದಲ್ಲಿ ಸುಮಾರು ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಅಲೆಗಳು ತೆಂಕಣ ದಿಕ್ಕಿನಿಂದ ಬಂದು ಮರಳನ್ನು ಉತ್ತರಕ್ಕೆ ಒಯ್ಯುತ್ತವೆ. ಈಶಾನ್ಯ ಮಳೆಗಾಲದ ತಿಂಗಳುಗಳಲ್ಲಿ ದಿಕ್ಕು ಬದಲಾಗಿ ಮರಳು ದಕ್ಷಿಣಕ್ಕೆ ಹೋಗುತ್ತದೆ. ಮೊದಲನೆಯ ಅವಧಿ ದೀರ್ಘವಾದ್ದರಿಂದ ವರ್ಷದ ಲೆಕ್ಕದಲ್ಲಿ ಲಕ್ಷಗಟ್ಟಲೆ ಘನಮೀಟರ್ ಮರಳು ಉತ್ತರಕ್ಕೆ ಸಾಗುತ್ತದೆ. ಅಂದರೆ ಕಡಲತೀರವೆಂಬುದು ನಿಂತ ಮರಳಲ್ಲ. ಬಂದಷ್ಟು ಹೋಗಿ, ಹೋದಷ್ಟು ಬಂದು, ಸಂಬಳ ಮತ್ತು ಖರ್ಚು ಸರಿದೂಗಿಸಿಕೊಳ್ಳುವ ಸಂಸಾರದಂತೆ ನಡೆಯುವ ವ್ಯವಸ್ಥೆ.

ಬಂದರಿಲ್ಲದ ಊರಿನ ಹಳೆಯ ಕೊರತೆ ಇಲ್ಲಿ ಬಂದು ಸೇರುತ್ತದೆ. ಫ್ರೆಂಚರು 1866ರಲ್ಲಿ ಕಬ್ಬಿಣದ ಕಂಬಗಳ ಮೇಲೆ ನಿಂತ ಕಟ್ಟೆಯೊಂದನ್ನು ಕಡಲಿನೊಳಕ್ಕೆ ಚಾಚಿದ್ದರು. 1952ರ ಚಂಡಮಾರುತ ಅದನ್ನು ಮುರಿಯಿತು. ಕಂಬಗಳ ನಡುವೆ ನೀರೂ ಮರಳೂ ಹಾಯುತ್ತಿದ್ದುದರಿಂದ ಅಂಥ ಕಟ್ಟೆಯಿಂದ ದಂಡೆಗೆ ಹಾನಿಯಾಗಲಿಲ್ಲ. ಆದರೆ 1980ರ ದಶಕದ ಕೊನೆಯಲ್ಲಿ ಊರಿನ ದಕ್ಷಿಣಕ್ಕೆ, ಅರಿಯಾಂಕುಪ್ಪಂ ನದಿಯ ಅಳಿವೆಯಲ್ಲಿ, ಹೊಸ ಬಂದರಿಗಾಗಿ ಬಂಡೆಗಳ ಎರಡು ಅಲೆತಡೆಗಳನ್ನು ಕಟ್ಟಿದರು. ಇವು ಕಡಲತಳದಿಂದ ಮೇಲೆದ್ದ ಗಟ್ಟಿ ಗೋಡೆಗಳು. ಉತ್ತರಕ್ಕೆ ಹೊರಟ ಮರಳು ದಕ್ಷಿಣದ ಗೋಡೆಗೆ ತಡೆದು ಅಲ್ಲೇ ಕೂಡಿಬಿತ್ತು. ಗೋಡೆಯ ಉತ್ತರಕ್ಕಿರುವ ಊರಿನ ದಂಡೆಯಿಂದ ಮರಳು ಮೊದಲಿನಂತೆಯೇ ಹೊರಟುಹೋಗುತ್ತಿತ್ತು. ಬರುವುದು ಮಾತ್ರ ನಿಂತಿತ್ತು. ಕೂಡಿಬಿದ್ದ ಮರಳನ್ನು ಯಂತ್ರದಿಂದ ಎತ್ತಿ ಉತ್ತರಕ್ಕೆ ಸಾಗಿಸಬೇಕೆಂಬ ಏರ್ಪಾಡು ಯೋಜನೆಯಲ್ಲೇ ಇತ್ತು, ಆದರೆ ಅದು ನಿಯಮಿತವಾಗಿ ನಡೆಯಲಿಲ್ಲ. ಕೆಲವೇ ವರ್ಷಗಳಲ್ಲಿ ಊರಿನ ಮುಂದಿನ ದಂಡೆ ಕರಗಿ, ರಸ್ತೆಯನ್ನು ಉಳಿಸಿಕೊಳ್ಳಲು ಬಂಡೆಗಳನ್ನು ಸುರಿಯಬೇಕಾಯಿತು.

ಬಂಡೆಯ ಗೋಡೆ ರಸ್ತೆಯನ್ನು ಕಾಯುತ್ತದೆ, ದಂಡೆಯನ್ನು ಕಾಯುವುದಿಲ್ಲ. ಮರಳಿನ ಇಳಿಜಾರಿನ ಮೇಲೆ ಹತ್ತಿ ಸುಸ್ತಾಗಬೇಕಾದ ಅಲೆ ಗಟ್ಟಿ ಗೋಡೆಗೆ ಬಡಿದು ಅದೇ ರಭಸದಿಂದ ಹಿಂದಿರುಗಿ, ಬುಡದಲ್ಲಿ ಉಳಿದ ಮರಳನ್ನೂ ಕೊರೆದು ಒಯ್ಯುತ್ತದೆ. ಗೋಡೆ ಮುಗಿದ ಜಾಗದಿಂದ ಮುಂದಿನ ತೀರಕ್ಕೆ ಹಸಿವು ವರ್ಗವಾಗುತ್ತದೆ. ಹೀಗೆ ಕೊರೆತ ಪುದುಚೇರಿಯ ಗಡಿ ದಾಟಿ ತಮಿಳುನಾಡಿನ ವಿಳುಪ್ಪುರಂ ಜಿಲ್ಲೆಯ ಕೋಟ್ಟಕುಪ್ಪಂ, ಬೊಮ್ಮಯಾರ್‌ಪಾಳಯದಂಥ ಊರುಗಳಿಗೆ ಮುಟ್ಟಿತು. ಅಲ್ಲಿನ ಮೀನುಗಾರರಿಗೆ ದಂಡೆ ಎಂದರೆ ದೋಣಿ ನಿಲ್ಲಿಸುವ, ಬಲೆ ಒಣಗಿಸುವ, ಮೀನು ಹರಡುವ ಕೆಲಸದ ಜಾಗ; ದಂಡೆ ಹೋದರೆ ದುಡಿಮೆಯೇ ಹೋದಂತೆ, ಮುಂದಿನ ಸರದಿ ಮನೆಗಳದು. ಸಮಸ್ಯೆಯನ್ನು ಇನ್ನಷ್ಟು ಕಗ್ಗಂಟು ಮಾಡಿದ್ದು ಇಲ್ಲಿನ ಗಡಿರೇಖೆ. ಪುದುಚೇರಿ ಪ್ರದೇಶ ಹಳೆಯ ಒಪ್ಪಂದಗಳ ಫಲವಾಗಿ ತಮಿಳುನಾಡಿನ ನಡುವೆ ಹಲವು ತುಂಡುಗಳಾಗಿ ಹರಡಿಕೊಂಡಿದೆ. ಬಂದರು ಒಂದು ಆಡಳಿತದ್ದು, ಅದರಿಂದಾದ ಕೊರೆತದ ಬಹುಪಾಲು ಇನ್ನೊಂದರದು. ಹದಿನೆಂಟನೆಯ ಶತಮಾನದ ರಾಜತಾಂತ್ರಿಕರು ಎಳೆದ ಗೆರೆ ಇಪ್ಪತ್ತೊಂದನೆಯ ಶತಮಾನದ ಮೀನುಗಾರನ ಅರ್ಜಿ ಯಾವ ಕಚೇರಿಗೆ ಹೋಗಬೇಕೆಂಬುದನ್ನು ನಿರ್ಧರಿಸುತ್ತಿದೆ. ವಸಾಹತುಶಾಹಿಯ ಉಳಿಕೆಗಳಲ್ಲಿ ಹಳದಿ ಗೋಡೆಗಳಷ್ಟೇ ಇದೂ ಒಂದು.

ಪಾಂಡಿಕ್ಯಾನ್ ಎಂಬ ನಾಗರಿಕ ಸಂಘಟನೆ ವರ್ಷಗಟ್ಟಲೆ ಹೋರಾಡಿ ಈ ವಿಜ್ಞಾನವನ್ನು ಜನರ ಮಾತಾಗಿಸಿತು. ಬಳಿಕ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಮುಖ್ಯ ಕಾರ್ಯದರ್ಶಿಗಳ ಕಚೇರಿಯ ಎದುರಿನ ಕಡಲಿನಲ್ಲಿ, ನೀರಿನೊಳಗೆ ಮುಳುಗಿರುವ ಬೆಣೆಯಾಕಾರದ ಕೃತಕ ದಿಬ್ಬವೊಂದನ್ನು 2018ರ ಹೊತ್ತಿಗೆ ನಿರ್ಮಿಸಿತು. ಅದರ ಮೇಲೆ ಹಾಯುವಾಗ ಅಲೆಯ ಶಕ್ತಿ ಮುರಿಯುತ್ತದೆ. ಹಿಂಬದಿಯ ಶಾಂತ ನೀರಿನಲ್ಲಿ ಮರಳು ತಂಗುತ್ತದೆ. ಬಂದರಿನ ಬಾಯಿಯಲ್ಲಿ ಹೂಳೆತ್ತಿದ ಮರಳನ್ನೂ ಇತ್ತ ಸುರಿದರು. ದಶಕಗಳ ಬಳಿಕ ಊರಿನ ಮುಂದೆ ಮತ್ತೆ ಮರಳು ಕಾಣಿಸಿಕೊಂಡು, ಮಕ್ಕಳು ಅದರಲ್ಲಿ ಆಡತೊಡಗಿದರು. ಇದು ದೊಡ್ಡ ಸಾಧನೆ. ಹಾಗೆಂದು ರೋಗ ವಾಸಿಯಾಗಿಲ್ಲ. ಅಲೆತಡೆ ಇನ್ನೂ ಅಲ್ಲೇ ಇದೆ, ಮರಳನ್ನು ಸಾಗಿಸುವ ಕೆಲಸ ನಿಂತ ದಿನ ತೀರ ಮತ್ತೆ ಹಸಿಯುತ್ತದೆ, ಮತ್ತು ಒಂದು ಕಡೆ ಹಿಡಿದಿಟ್ಟ ಮರಳು ಉತ್ತರದ ಹಳ್ಳಿಗಳ ಪಾಲಿನಿಂದ ಕಡಿತವಾಗುವ ಸಾಧ್ಯತೆಯೂ ಇದೆ. ಉಳ್ಳಾಲದಲ್ಲಿ ನೇತ್ರಾವತಿ ಅಳಿವೆಯ ಅಲೆತಡೆಗಳ ಬಳಿಕ ಆದ ಕೊರೆತವನ್ನೂ, ಅದನ್ನು ತಡೆಯಲು ಕಡಲಿನಲ್ಲಿ ಕಟ್ಟಿದ ದಿಬ್ಬಗಳನ್ನೂ ನೋಡಿದ ದಕ್ಷಿಣ ಕನ್ನಡದವರಿಗೆ ಈ ಕತೆ ತಮ್ಮದೇ ಅನ್ನಿಸೀತು. ನಮ್ಮ ತೀರದಲ್ಲೂ ಹೊಸ ಬಂದರುಗಳ ಮಾತು ನಡೆಯುತ್ತಿರುವಾಗ ಪುದುಚೇರಿಯ ಬಂಡೆಗಳನ್ನು ಬರಿಯ ಕೂರುವ ಕಟ್ಟೆಯೆಂದು ನೋಡಿ ಬರಲು ನನಗಂತೂ ಮನಸ್ಸಾಗುವುದಿಲ್ಲ.

ಹೋಗುವವರಿಗೆ

ಕರ್ನಾಟಕದ ಮಳೆಗಾಲದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಜೂನ್, ಜುಲೈನಲ್ಲಿ ನಮ್ಮಲ್ಲಿ ಮಳೆ ಸುರಿಯುವಾಗ ಪುದುಚೇರಿಯಲ್ಲಿ ಸೆಕೆ. ಅಲ್ಲಿ ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಚಂಡಮಾರುತಗಳ ಜೊತೆಗೆ. 2011ರ ಡಿಸೆಂಬರ್ ಕೊನೆಯಲ್ಲಿ ಬಂದ ಥಾನೆ ಚಂಡಮಾರುತ ಊರಿನ ಸಾವಿರಾರು ಮರಗಳನ್ನು ಉರುಳಿಸಿತು. 2024ರ ನವೆಂಬರ್ ಕೊನೆಗೆ ಫೆಂಗಲ್ ಹತ್ತಿರದಲ್ಲೇ ದಡ ಸೇರಿದಾಗ ಒಂದೇ ದಿನದ ಅವಧಿಯಲ್ಲಿ 45 ಸೆಂಟಿಮೀಟರಿಗೂ ಹೆಚ್ಚು ಮಳೆ ಬಿತ್ತು. ಜನವರಿ ಮತ್ತು ಫೆಬ್ರವರಿ ಅತ್ಯಂತ ಹಿತವಾದ ತಿಂಗಳುಗಳು.

ತೀರಗಳ ವ್ಯತ್ಯಾಸವೂ ಮೇಲೆ ಹೇಳಿದ ಮರಳಿನ ಲೆಕ್ಕದಿಂದಲೇ ಅರ್ಥವಾಗುತ್ತದೆ. ಬಂದರಿನ ದಕ್ಷಿಣಕ್ಕಿರುವ ವೀರಾಂಪಟ್ಟಿಣಂ ಮತ್ತು ಚುನ್ನಾಂಬಾರ್ ಹಿನ್ನೀರಿನಾಚೆಗೆ ದೋಣಿಯಲ್ಲಿ ಹೋಗಬೇಕಾದ ಪ್ಯಾರಡೈಸ್ ಬೀಚ್‌ನಲ್ಲಿ ಮರಳು ಧಾರಾಳ. ಉತ್ತರದ ಸೆರೆನಿಟಿ ಬೀಚ್‌ನಲ್ಲಿ ಮರಳು ನಿಂತಿರುವುದು ಕಡಲಿಗೆ ಅಡ್ಡವಾಗಿ ಚಾಚಿದ ಬಂಡೆಗಳ ನಡುವೆ. ಆರೋವಿಲ್ ಬೀಚ್ ಬಹಳಷ್ಟು ಕೊರೆದುಹೋಗಿದೆ. ರಾಕ್ ಬೀಚ್‌ನಲ್ಲಿ ನೀರಿಗಿಳಿಯಬಾರದು. ಬಂಡೆಗಳು ಜಾರುತ್ತವೆ, ಅವುಗಳ ಬುಡದಲ್ಲಿ ಸೆಳೆತ ಬಲವಾಗಿರುತ್ತದೆ. ಬೇರೆ ತೀರಗಳಲ್ಲೂ ಅಲೆಗಳ ನಡುವೆ ನೀರು ಸಪಾಟಾಗಿ, ನೊರೆಯಿಲ್ಲದೆ, ಕೊಂಚ ಕದಡಿದಂತೆ ಕಾಣುವ ಪಟ್ಟಿಯನ್ನು ಶಾಂತ ಜಾಗವೆಂದು ಆರಿಸಿಕೊಳ್ಳಬೇಡಿ. ದಡಕ್ಕೆ ಬಂದ ನೀರೆಲ್ಲ ಕಡಲಿಗೆ ಮರಳುವ ದಾರಿ ಅದು. ಸಿಕ್ಕಿಕೊಂಡರೆ ದಡದತ್ತ ಎದುರೀಜು ಈಜದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ಆ ಪಟ್ಟಿಯಿಂದ ಹೊರಬರಬೇಕು. ಬೆಂಗಳೂರಿನಿಂದ ಹೋದ ತರುಣರು ಈ ತೀರದಲ್ಲಿ ಜೀವ ಕಳೆದುಕೊಂಡ ಸುದ್ದಿಯನ್ನು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದಿದ್ದರಿಂದ ಇದನ್ನು ಬಿಡಿಸಿ ಹೇಳುತ್ತಿದ್ದೇನೆ.

ಊರೊಳಗೆ ನಡಿಗೆ ಅಥವಾ ಸೈಕಲ್ ಸಾಕು. ತೀರರಸ್ತೆಯಲ್ಲಿ ಸಂಜೆಯಿಂದ ಮುಂಜಾನೆಯವರೆಗೆ ವಾಹನಗಳಿಗೆ ಪ್ರವೇಶವಿಲ್ಲ. ಪೂರ್ವದ ಕಡಲಾದ್ದರಿಂದ ಇಲ್ಲಿ ನೋಡಬೇಕಾದದ್ದು ಸೂರ್ಯೋದಯ. ಗಾಂಧಿ ಪ್ರತಿಮೆಯ ಸುತ್ತಲಿನ ಎತ್ತರದ ಕಲ್ಲಿನ ಕಂಬಗಳು ಜಿಂಜಿಯಿಂದ ತಂದವು. ತಿರುವಣ್ಣಾಮಲೈ ದಾರಿಯಲ್ಲಿ ಹೋಗುವವರಿಗೆ ಆ ಜಿಂಜಿಯ ಕೋಟೆ ರಸ್ತೆಯ ಪಕ್ಕದಲ್ಲೇ ಸಿಗುತ್ತದೆ. ಬೆಳಗ್ಗೆ ಬಿಳಿಪಟ್ಟಣ, ಬಿಸಿಲೇರುವ ಹೊತ್ತಿಗೆ ಕಾಲುವೆ ದಾಟಿ ತಾಳ್ವಾರಗಳ ನೆರಳು, ಅಲ್ಲಿಂದ ದಕ್ಷಿಣಕ್ಕೆ ಖಾಜಿ ಬೀದಿಯ ಸುತ್ತಲಿನ ಮುಸ್ಲಿಂ ಕೇರಿ, ಹೀಗೆ ನಡೆದರೆ ಮೂರು ಬಗೆಯ ಮನೆಗಳನ್ನು ಹೋಲಿಸಿ ನೋಡಬಹುದು.

ಸಮಯವಿದ್ದವರು ಅರಿಕಮೇಡುವಿಗೂ ಹೋಗಬೇಕು. ಊರಿನಿಂದ ನಾಲ್ಕೈದು ಕಿಲೋಮೀಟರ್ ದಕ್ಷಿಣಕ್ಕೆ, ಅದೇ ಅರಿಯಾಂಕುಪ್ಪಂ ನದಿಯ ದಡದಲ್ಲಿ, ಎರಡು ಸಾವಿರ ವರ್ಷಗಳ ಹಿಂದೆ ರೋಮ್ ಜೊತೆ ವ್ಯಾಪಾರ ನಡೆಸಿದ, ಮಣಿಗಳನ್ನು ತಯಾರಿಸುತ್ತಿದ್ದ ಬಂದರು ಪಟ್ಟಣವಿತ್ತು. ಮಾರ್ಟಿಮರ್ ವ್ಹೀಲರ್ 1945ರಲ್ಲಿ ಇಲ್ಲಿ ಉತ್ಖನನ ನಡೆಸಿ, ಕಾಲ ಗೊತ್ತಿದ್ದ ರೋಮನ್ ಮಡಕೆಚೂರುಗಳ ನೆರವಿನಿಂದ ಅದೇ ಪದರದ ಸ್ಥಳೀಯ ಮಡಕೆಗಳ ಕಾಲವನ್ನು ನಿರ್ಧರಿಸಿದ. 1947ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಯಲ್ಲಿ ಅಗೆದಾಗ ಆ ಅಳತೆಗೋಲನ್ನೇ ಬಳಸಿ ಕರ್ನಾಟಕದ ಬೃಹತ್ ಶಿಲಾ ಸಂಸ್ಕೃತಿಗೆ ಮೊದಲ ಬಾರಿಗೆ ಗಟ್ಟಿಯಾದ ಕಾಲಗಣನೆಯನ್ನು ಒದಗಿಸಿದ. ಸ್ಥಳದಲ್ಲಿ ಈಗ ತೋಪಿನ ನಡುವೆ ಕಾಣುವ ಇಟ್ಟಿಗೆ ಗೋಡೆಗಳು ಹದಿನೆಂಟನೆಯ ಶತಮಾನದ ಫ್ರೆಂಚ್ ಪಾದ್ರಿಗಳ ಕಟ್ಟಡದವು, ಆ ಹಳೆಯ ಬಂದರಿನವಲ್ಲ. ಅಗೆದು ತೆಗೆದ ವಸ್ತುಗಳಲ್ಲಿ ಹಲವನ್ನು ಭಾರತಿ ಉದ್ಯಾನದ ಬಳಿಯ ಪುದುಚೇರಿ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಮೊದಲು ಸಂಗ್ರಹಾಲಯವನ್ನು ನೋಡಿ ಆಮೇಲೆ ಅರಿಕಮೇಡುವಿಗೆ ಹೋದರೆ ಆ ನೆಲದ ಮೇಲೆ ಏನು ನಡೆಯುತ್ತಿತ್ತೆಂಬುದು ಸ್ಪಷ್ಟವಾಗುತ್ತದೆ.